ಎಡಗೈ ಎಂದು ಬರೆದ ಆದೇಶ

ಕಾರ್ಖಾನೆಯ ಪ್ರೆಸ್ ಮೆಷಿನ್ ಅವನ ಬಲಗೈಯ ನಾಲ್ಕು ಬೆರಳು ತಿಂದಿತ್ತು. ಉಳಿದದ್ದು ಹೆಬ್ಬೆರಳೊಂದೇ. ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹಾಕಬೇಕು. ಎರಡು ವರ್ಷ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿ ಕೊನೆಗೂ ಗೆದ್ದ. ಗಾಯವಾದ ಕೈಗೆ ಮೆಷಿನ್ ಕೆಲಸ ಹಚ್ಚಬಾರದು, ಗೇಟಿನಲ್ಲೋ ಸ್ಟೋರಿನಲ್ಲೋ ಹಗುರ ಕೆಲಸ ಕೊಡಬೇಕು ಎಂದು ಆದೇಶವಾಯಿತು.

ಆದರೆ ಆದೇಶದಲ್ಲಿ ಇದ್ದದ್ದು ಎಡಗೈ.

ಅದನ್ನು ಟೈಪ್ ಮಾಡಿದವಳು ನಾನು. ಆ ಕೋರ್ಟಿನ ಗುತ್ತಿಗೆ ಟೈಪಿಸ್ಟ್. ಅವನು ಕಟಕಟೆಯಲ್ಲಿ ನಿಂತು ಕೈ ಎತ್ತಿ ತೋರಿಸಿದಾಗ, ಎದುರಿಗೆ ಕೂತ ನ್ಯಾಯಾಧೀಶ ಸಾಹೇಬರಿಗೆ ಅದು ತಮ್ಮ ಎಡಗಡೆ ಕಂಡಿತು. ಎಡಗೈ ಎಂದು ಗುರುತು ಹಾಕಿಕೊಂಡರು, ಹಾಗೇ ಹೇಳಿ ಬರೆಸಿದರು. ನನಗೆ ಗೊತ್ತಾಗಿತ್ತು. ಸಾಹೇಬರನ್ನು ತಿದ್ದಿದ ಟೈಪಿಸ್ಟ್ ಮರುದಿನ ಇರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ದುಡಿಯುವವಳು ನಾನೊಬ್ಬಳೇ. ತಪ್ಪು ನನ್ನದಲ್ಲ, ಬಾಯಿ ಮುಚ್ಚಿಕೊಂಡದ್ದು ಮಾತ್ರ ನನ್ನದೇ.

ಶುಕ್ರವಾರ ಅವನು ಬಂದ.

"ಅಕ್ಕಾ, ಎಡಗೈ ತಾನೇ ಹೋಗಿರೋದು, ಬಲಗೈಯಲ್ಲಿ ಲಿವರ್ ಎಳಿ ಅಂತಾನೆ ಮ್ಯಾನೇಜರ್. ಸೋಮವಾರ ಮೆಷಿನ್ ಮುಂದೆ ನಿಲ್ಲದಿದ್ರೆ ಕೆಲಸ ಇಲ್ವಂತೆ."

"ಕೈ ತೋರಿಸ್ಲಿಲ್ವಾ?"

"ತೋರಿಸ್ದೆ. ಅವರು ಕೈ ನೋಡಲ್ವಂತೆ, ಕಾಗದ ನೋಡ್ತಾರಂತೆ."

ಅವನನ್ನು ಕರೆದುಕೊಂಡು ಹೆಡ್ ಗುಮಾಸ್ತರ ಮೇಜಿಗೆ ಹೋದೆ. ಅದೇ ಆದೇಶದಲ್ಲಿ ಕಾರ್ಖಾನೆಯ ವಿಳಾಸವೂ ತಪ್ಪಿತ್ತು. ಕಾರ್ಖಾನೆಯ ವಕೀಲರು ಬಂದು ಇದೇ ಮೇಜಿನ ಮುಂದೆ ಟೀ ಕುಡಿದು ಲೋಟ ಇಡುವುದರೊಳಗೆ ಅದು ಸರಿಯಾಗಿತ್ತು. ಸಾಹೇಬರು ಬಲಗೈಯನ್ನು ಎಡಗೈ ಎಂದು ಬರೆಸಿದ್ದನ್ನು ಹೇಳಿ, ಇದನ್ನೂ ಹಾಗೇ ತಿದ್ದಿಕೊಡಿ ಎಂದೆ.

"ಇದು ಹಾಗಲ್ಲಮ್ಮ," ಎಂದರು ಗುಮಾಸ್ತರು. "ಸಾಹೇಬರು ತಪ್ಪಿದ್ರೆ ಅದು ತೀರ್ಪು. ಮೇಲಿನ ಕೋರ್ಟಿಗೇ ಹೋಗ್ಬೇಕು, ಇನ್ನೆರಡು ವರ್ಷ. ನೀನು ತಪ್ಪಿದ್ರೆ ಬರೀ ಕೈತಪ್ಪು. ಇವತ್ತೇ ತಿದ್ದಬಹುದು. ನಾನೇ ತಪ್ಪು ಟೈಪ್ ಮಾಡ್ದೆ ಅಂತ ಬರ್ಕೊಡು."

"ನನಗೇನಾಗುತ್ತೆ ಸರ್?"

"ಏನಾಗುತ್ತೆ? ನಾನಿದೀನಲ್ಲ."

"ಬೇಡ ಅಕ್ಕಾ," ಎಂದ ಅವನು. "ನನ್ನ ಹಣೆಬರಹಕ್ಕೆ ನೀವ್ಯಾಕೆ?"

"ಸುಮ್ನಿರಪ್ಪ. ಹಣೆಬರಹ ಅಲ್ಲ ಇದು, ನಾನು ಟೈಪ್ ಮಾಡಿದ್ದು."

ಬರೆದುಕೊಟ್ಟೆ.

ಮಧ್ಯಾಹ್ನ ಸಾಹೇಬರು ಪೀಠದಿಂದ, "ಟೈಪಿಸ್ಟ್ ಒಬ್ಬಳ ಬೇಜವಾಬ್ದಾರಿಯಿಂದ ಬಡವನೊಬ್ಬ ನರಳಬೇಕಾಯಿತು" ಎಂದು ಮರುಗಿದರು. ವಕೀಲರೆಲ್ಲ ತಲೆದೂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆದೇಶ ತಿದ್ದಿ, ಮೊಹರು ಒತ್ತಿ ಅವನ ಕೈಗೆ ಕೊಟ್ಟರು. ಅವನು ಎಡಗೈಯಲ್ಲಿ ಕಾಗದ ಹಿಡಿದು ಕಾರ್ಖಾನೆಗೆ ಓಡಿದ. ನಾಲ್ಕು ಗಂಟೆಗೆ ಫೋನ್ ಮಾಡಿದ. "ಮ್ಯಾನೇಜರ್ ಸಹಿ ಮಾಡಿ ತಗೊಂಡ ಅಕ್ಕಾ. ಸೋಮವಾರದಿಂದ ಸ್ಟೋರು." ಅಳುತ್ತಿದ್ದ.

ಐದು ಗಂಟೆಗೆ ಗುಮಾಸ್ತರು ನನ್ನ ಮುಖ ನೋಡದೆ ಒಂದು ಚೀಟಿ ಇಟ್ಟರು. ನನ್ನನ್ನು ಕೆಲಸದಿಂದ ತೆಗೆಯುವ ಆದೇಶದ ಕರಡು.

"ನೀವಿದ್ದೀರಿ ಅಂದ್ರಲ್ಲ ಸರ್?"

"ನಾನೇನ್ ಮಾಡ್ಲಮ್ಮ, ಮೇಲಿನವರ ಮಾತು. ಇನ್ನೊಬ್ಬ ಟೈಪಿಸ್ಟ್ ಇಲ್ಲ. ಹೋಗೋ ಮುಂಚೆ ಇದನ್ನ ಟೈಪ್ ಮಾಡ್ಕೊಟ್ಟು ಹೋಗು."

ನಗು ಬಂತು, ಅಳುವೂ ಬಂತು. ಕೂತು ಟೈಪ್ ಮಾಡಿದೆ. ಕಾರಣ ಎಂದಿದ್ದ ಕಡೆ, ಕರಡಿನಲ್ಲಿದ್ದ "ಕರ್ತವ್ಯಲೋಪ" ಬಿಟ್ಟು ಹೀಗೆ ಹೊಡೆದೆ: "ನ್ಯಾಯಾಧೀಶರು ಬಲಗೈಯನ್ನು ಎಡಗೈ ಎಂದು ಹೇಳಿ ಬರೆಸಿದ್ದನ್ನು ಹಾಗೆಯೇ ಟೈಪ್ ಮಾಡಿ, ಆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಕ್ಕಾಗಿ."

ಸಾಹೇಬರು ಮನೆಗೆ ಹೊರಡುವ ಆತುರದಲ್ಲಿದ್ದರು. ಓದಲಿಲ್ಲ, ಸಹಿ ಹಾಕಿದರು. ಗುಮಾಸ್ತರೂ ಓದದೆ ಮೊಹರು ಒತ್ತಿ ನನ್ನ ಪ್ರತಿ ಕೊಟ್ಟರು. ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ತಿದ್ದಬೇಕಾದರೆ ಅವರು ಮೇಲಿನ ಕೋರ್ಟಿಗೆ ಹೋಗಲಿ.