ಕರುಣಾಳ ಬ್ರೌಸರು, ರಮಾಕಾಂತ ಸರ್ ಬೋರ್ಡು

ಲಕಮನಹಳ್ಳಿಯ ಹುಚ್ಚಪ್ಪನಿಗೆ ಕಾರ್ಖಾನೆಯ ಪಾಳಿ ಮುಗಿದ ಮೇಲೆ ಮನೆಯಲ್ಲಿ ಇನ್ನೊಂದು ಪಾಳಿ. ಕೈಕಾಲು ತೊಳೆದು, ಚಹಾ ಕುಡಿದು, ಕನ್ನಡಕ ಏರಿಸಿ ಮಗಳ ಪಕ್ಕ ಕೂರಬೇಕು. ಮಗಳು ಕರುಣಾಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪದವಿ ಮುಗಿಸಿದ್ದಾಳೆ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಅಪ್ಪ ಫೋನು ನೋಡಿ ಓದುವುದು, ಮಗಳು ಕೇಳಿ ನೆನಪಿಟ್ಟುಕೊಳ್ಳುವುದು. ಅಪ್ಪನೂ ಮನುಷ್ಯನೇ ತಾನೆ? ಸಂವಿಧಾನದ ವಿಧಿ ಓದುತ್ತ ಓದುತ್ತ ಗೊರಕೆಗೆ ಇಳಿದುಬಿಡುತ್ತಿದ್ದ.

ಕರುಣಾಳಿಗೆ ಸಿಟ್ಟು ಬರುತ್ತಿತ್ತು. ಅಪ್ಪನನ್ನು ಎಬ್ಬಿಸಲು ಮನಸ್ಸೂ ಬರುತ್ತಿರಲಿಲ್ಲ.

“ಅಪ್ಪಾ, ನಾ ರಮಾಕಾಂತ ಸರ್ ಕೋಚಿಂಗ್ ಕ್ಲಾಸಿಗೆ ಸೇರ್ತೇನಿ” ಎಂದಳು ಒಂದು ದಿನ.

“ಅಲ್ಲಿ ಎಲ್ಲಾ ಕಂಪ್ಯೂಟರಿನ್ಯಾಗ ಓದ್ತಾರಂತ. ನಿನಗ ಹೆಂಗ ಆಗತೈತಿ ಬೇ? ನಾ ಓದಿ ಹೇಳ್ತೇನಿ ಬಿಡು.”

“ನೀ ಮಲಗಿದ ಮ್ಯಾಲ?”

ಹುಚ್ಚಪ್ಪ ನಕ್ಕು ಒಪ್ಪಿದ. ಮರುದಿನ ಇಬ್ಬರೂ ಧಾರವಾಡದ ಕ್ಲಾಸಿಗೆ ಹೋದರು.

ರಮಾಕಾಂತ ಸರ್ ಪಾಠಕ್ಕಿಂತ ಅವರ ಅಕ್ಷರಕ್ಕೇ ಹೆಚ್ಚು ಹೆಸರು. ಬಣ್ಣ ಬಣ್ಣದ ಚಾಕ್‌ಪೀಸಿನಲ್ಲಿ ಬೋರ್ಡು ತುಂಬ ಬರೆದು, ಫೋಟೋ ತೆಗೆದು ತಮ್ಮ ವೆಬ್‌ಸೈಟಿಗೆ ಹಾಕುತ್ತಿದ್ದರು. ಬೇರೆ ಕ್ಲಾಸಿನ ಹುಡುಗರೂ ಅದನ್ನು ಇಳಿಸಿಕೊಳ್ಳುತ್ತಿದ್ದರು. ಸರ್‌ಗೆ ಆ ಬಗ್ಗೆ ತುಸು ಜಂಬವೂ ಇತ್ತು.

“ನೋಟ್ಸೆಲ್ಲಾ ವೆಬ್‌ಸೈಟಿನ್ಯಾಗ ಇರ್ತಾವವಾ. ನಿನಗ ಓದಿ ಹೇಳಲಿಕ್ಕೆ ಯಾರನ್ನ ಇಡ್ಲಿ?” ಎಂದರು ಅವರು. “ನೀನಾಗೇ ಓದ್ತೀ ಅಂದ್ರ ತೋರಿಸು. ಬ್ಯಾಚ್ ಮುಂದಿನ ಸೋಮವಾರ ಶುರು ಆಗ್ತದ. ತೋರಿಸಿದರ ಸೀಟು ನಿಂದು.”

“ತೋರಿಸ್ತೇನ್ರಿ ಸರ” ಎಂದಳು ಕರುಣಾ.

ಕಾಲೇಜಿನಲ್ಲಿ ಅವಳಿಗಿಂತ ಹಿರಿಯಳಾಗಿದ್ದ ಸುರಭಿ ಈಗ ಧಾರವಾಡದಲ್ಲೇ ಸಾಫ್ಟ್‌ವೇರ್ ಮಾಡುತ್ತಾಳೆ. ಇಂಟರ್ನೆಟ್ಟಿನ ಪುಟಗಳನ್ನು ತೆರೆಯುವುದು ಬ್ರೌಸರ್ ಕೆಲಸ. ಚಿತ್ರ, ಜಾಹೀರಾತು ಎಲ್ಲ ಬದಿಗಿಟ್ಟು ಬರೀ ಅಕ್ಷರಗಳನ್ನು ಹಿಡಿದು ಗಟ್ಟಿಯಾಗಿ ಓದುವ ಬ್ರೌಸರೊಂದನ್ನು ಸುರಭಿ ತಯಾರಿಸುತ್ತಿದ್ದಳು. ಮೌಸ್ ಬೇಡ, ಕೀಲಿಗಳು ಸಾಕು. ಕರುಣಾ ಸಹಾಯ ಕೇಳಿಕೊಂಡು ಬಂದಾಗ ಖುಷಿಯಿಂದ ಅದನ್ನು ತೆರೆದಳು.

ಬ್ರೌಸರ್ ಜೇನಿನಂಥ ದನಿಯಲ್ಲಿ ಪುಟದ ಮೇಲ್ತುದಿಯಿಂದ ಶುರು ಮಾಡಿತು. ಮುಖಪುಟ, ನಮ್ಮ ಬಗ್ಗೆ, ಸಂಪರ್ಕಿಸಿ... ಪ್ರತಿ ಪುಟಕ್ಕೂ ಅದೇ ರಾಗ.

“ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದಳು ಕರುಣಾ. “ಕಣ್ಣಿದ್ದವರು ಮಾಡ್ಯಾರ ಅನ್ನೂದು ಗೊತ್ತಾಗತೈತಿ. ಪುಟ ತೆಗದ ಕೂಡ್ಲೆ ನಿಮ್ಮ ಕಣ್ಣು ಬೇಕಾದ ಕಡೆ ಹಾರತೈತಿ. ನನ್ನ ಕಿವಿನೂ ಹಂಗ ಹಾರಬೇಕಲ್ರಿ? ಒಂದು ಕೀಲಿ ಒತ್ತಿದರ ಮುಂದಿನ ತಲೆಬರಹ ಬರಬೇಕು. ಇನ್ನೊಂದು ಒತ್ತಿದರ ನಾ ಎಲ್ಲಿ ಇದ್ದೇನಿ ಅಂತ ಹೇಳಬೇಕು. ದನಿ ಸವಿ ಇರದಿದ್ರೂ ನಡೀತೈತಿ, ಜಲ್ದಿ ಜಲ್ದಿ ಓದಬೇಕು.”

ಸುರಭಿಯ ಮುಖ ಸಪ್ಪಗಾಯಿತು. ಮರುಕ್ಷಣ ಕುರ್ಚಿ ಎಳೆದುಕೊಂಡು, “ಖರೇ ಅದ. ನಿನ್ನ ಮೊದಲೇ ಕೇಳಬೇಕಾಗಿತ್ತು. ಕೂಡು, ಇಬ್ಬರೂ ಸೇರಿ ಮಾಡೋಣ” ಎಂದಳು. ಆ ವಾರವೆಲ್ಲ ಕರುಣಾ ಒತ್ತಿ ನೋಡುವಳು, ಸುರಭಿ ತಿದ್ದುವಳು. “ಸಾಕು” ಎಂದು ಇಬ್ಬರಲ್ಲಿ ಯಾರೂ ಅನ್ನಲಿಲ್ಲ.

ಸೋಮವಾರ ರಮಾಕಾಂತ ಸರ್ ಮುಂದೆ ಕರುಣಾ ಲ್ಯಾಪ್‌ಟಾಪ್ ಇಟ್ಟಳು. ಜೊತೆಗೆ ಸುರಭಿಯೂ ಹುಚ್ಚಪ್ಪನೂ ಇದ್ದರು. ಬ್ರೌಸರ್ ಅವತ್ತಿನ ಸುದ್ದಿಯನ್ನು ಸರಾಗವಾಗಿ ಓದಿತು. ಸರ್ ತಲೆದೂಗಿದರು. ಆಮೇಲೆ ಕರುಣಾ, ವಾರದ ಗಡಿಬಿಡಿಯಲ್ಲಿ ಒಮ್ಮೆಯೂ ತೆರೆದು ನೋಡದಿದ್ದ ಅವರದೇ ವೆಬ್‌ಸೈಟು ತೆರೆದಳು.

“ಚಿತ್ರ. ಚಿತ್ರ. ಚಿತ್ರ” ಎಂದಿತು ಬ್ರೌಸರ್. ಮತ್ತೇನೂ ಹೇಳಲಿಲ್ಲ.

“ನೋಡಿದ್ಯಾ? ಇದು ಆಗೂ ಮಾತಲ್ಲ” ಎಂದರು ಸರ್.

ಹುಚ್ಚಪ್ಪ ಎದ್ದು ನಿಂತ. “ನಡಿಯವಾ, ಮನಿಗೆ ಹೋಗೂಣು.”

ಕರುಣಾ ಕದಲಲಿಲ್ಲ. “ಸುದ್ದಿ ಓದಿತಲ್ರಿ ಸರ? ನಿಮ್ಮ ಪುಟದಾಗ ಅದಕ್ಕ ಓದಾಕ ಅಕ್ಷರನ ಇಲ್ರಿ. ಇರೂದು ಅಕ್ಷರದ ಫೋಟೋ.”

“ಫೋಟೋದಾಗಿನ ಅಕ್ಷರ ಬಿಡಿಸೋ ತಂತ್ರನೂ ಅದ ಸರ” ಎಂದಳು ಸುರಭಿ. “ಆದ್ರ ಬಣ್ಣದ ಚಾಕ್‌ಪೀಸು, ಕೈಬರಹ ಅಂದ್ರ ಭಾಳ ತಪ್ಪು ಬರ್ತಾವ. ಪರೀಕ್ಷಾದ ಓದಿಗೆ ಅದನ್ನ ನಂಬಲಿಕ್ಕೆ ಆಗೂದಿಲ್ಲ. ನೀವು ಟೈಪ್ ಮಾಡಿ ಹಾಕಿದರ ಮುಗೀತು.”

ಸರ್‌ಗೆ ಚುಚ್ಚಿತು. “ಅಂದ್ರ ಇಷ್ಟು ವರ್ಷದ ನನ್ನ ಅಕ್ಷರ ದಂಡ ಏನು?”

“ನಿಮ್ಮ ಅಕ್ಷರ ಭಾಳ ಛಲೋ ಅಂತ ಎಲ್ಲಾರೂ ಹೇಳ್ತಾರ್ರಿ ಸರ” ಎಂದಳು ಕರುಣಾ. “ನೀವು ಏನು ಬರದೀರಿ ಅನ್ನೂದು ನನಗ ಬೇಕ್ರಿ.”

ಸರ್ ಒಮ್ಮೆ ಬೋರ್ಡಿನ ಕಡೆ ನೋಡಿದರು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಅವತ್ತಿನ ಪಾಠವನ್ನು ಒಂದೊಂದೇ ಬೆರಳಲ್ಲಿ ಟೈಪ್ ಮಾಡತೊಡಗಿದರು. ಸುರಭಿ ಹೇಳಿಕೊಟ್ಟಂತೆ ತಲೆಬರಹ ಕೊಟ್ಟರು. ನಕ್ಷೆಯ ಚಿತ್ರದ ಕೆಳಗೆ ಅದರಲ್ಲಿ ಏನಿದೆ ಎಂದು ಎರಡು ಸಾಲು ಬರೆದರು. ಎಲ್ಲವನ್ನೂ ವೆಬ್‌ಸೈಟಿಗೆ ಏರಿಸಿದರು.

ಕರುಣಾ ಕೀಲಿ ಒತ್ತಿದಳು. ಬ್ರೌಸರ್ ಎಷ್ಟು ವೇಗವಾಗಿ ಓದಿತೆಂದರೆ ಹುಚ್ಚಪ್ಪನಿಗೆ ಮಿಕ್ಸರ್ ತಿರುಗಿದ ಸದ್ದಷ್ಟೇ ಕೇಳಿಸಿತು. ಅವಳು ತಟ್ಟನೆ ನಿಲ್ಲಿಸಿ, “ಸರ, ಕಡೀಗೆ ಒಂದು ಪ್ರಶ್ನಿ ಹಾಕೀರಿ. ಉತ್ತರ ಹೇಳ್ಲ್ಯಾ?” ಎಂದಳು. ಹೇಳಿದಳು. ಸರಿಯಾಗಿತ್ತು.

“ಮುಂದಿನ ಬೆಂಚಿನ್ಯಾಗ ಕೂಡವಾ” ಎಂದರು ಸರ್.

ಸಂಜೆ ಹುಚ್ಚಪ್ಪ ರೂಢಿಯಂತೆ ಕನ್ನಡಕ ಏರಿಸಿ ಮಗಳ ಪಕ್ಕ ಕೂತ. ಅವಳಾಗಲೇ ಓದಲು ಶುರು ಮಾಡಿದ್ದಳು.

“ಇನ್ನ ನನಗೇನು ಕೆಲಸ ಬೇ?”

“ನೀ ಕೇಳಪ್ಪಾ. ನಿನ್ನ ಸಲುವಾಗಿ ಸಾವಕಾಶ ಇಡ್ತೇನಿ.”

ಹುಚ್ಚಪ್ಪ ಕನ್ನಡಕ ತೆಗೆದು ಗೋಡೆಗೆ ಒರಗಿದ. ಸ್ವಲ್ಪ ಹೊತ್ತಿಗೆ ಎಂದಿನಂತೆ ಗೊರಕೆ ಶುರುವಾಯಿತು. ಓದು ಮಾತ್ರ ನಿಲ್ಲಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಶಾಲೆ, ಸಂಘ, ಪಂಚಾಯಿತಿಯ ನೋಟೀಸನ್ನು ಫೋಟೋ ಹೊಡೆದು ಹಾಕಿ ಕೈತೊಳೆದುಕೊಳ್ಳಬೇಡಿ. ಟೈಪ್ ಮಾಡಿ, ತಲೆಬರಹ ಕೊಡಿ, ಚಿತ್ರವಿದ್ದರೆ ಅದರಲ್ಲಿ ಏನಿದೆಯೆಂದು ಬರೆಯಿರಿ. ಬ್ರೌಸರ್, ಆ್ಯಪ್ ಮಾಡುವವರೇ, ಕಣ್ಣು ಕಾಣದವರನ್ನು ಮೊದಲ ದಿನವೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಇವತ್ತು ಬೆಳಿಗ್ಗೆ ಗ್ರೂಪಿಗೆ ಯಾವುದೋ ಸೂಚನೆಯ ಫೋಟೋ ಕಳಿಸಿದ್ದೀರಲ್ಲ? ಅದನ್ನೇ ಈಗ ಟೈಪ್ ಮಾಡಿ ಕಳಿಸಿ. ಅಲ್ಲೊಬ್ಬರು ಓದಲು ಕಾಯುತ್ತಿದ್ದಾರೆ.