ಹಗೇವಿನ ಗಾಳಿ

ಹೊಸಹಳ್ಳಿಯ ಪಟಾಲಮ್ಮ ಗಂಡನ ಜೊತೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಅವಳನ್ನು ಒಂದು ಮಾತೂ ಕೇಳದೆ ಮುನಿಯಪ್ಪ ಹೊಲವನ್ನು ಬಡಾವಣೆಗೆ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿ ಬಂದಿದ್ದ. ಅನ್ನ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಮಾತ್ರ ಇಲ್ಲ. ಏನಾದರೂ ಹೇಳಬೇಕಾದರೆ ಎಮ್ಮೆಗೆ ಹೇಳುವಳು, ಅವನು ಕೇಳಿಸಿಕೊಳ್ಳಬೇಕು. ಅಂಥ ಹಟಮಾರಿ.

ಐವತ್ತೇಳನೇ ಇಸವಿಯ ಬೇಸಿಗೆ. ಹೊಲದ ಜೊತೆಗೇ ಹೋದ ಹಿತ್ತಲ ಹಗೇವನ್ನು ನಾಳೆ ಬಡಾವಣೆಯವರು ಮುಚ್ಚುತ್ತಾರೆ, ಅಷ್ಟರೊಳಗೆ ರಾಗಿ ಎತ್ತಬೇಕು. ಎರಡಾಳುದ್ದದ ಆ ನೆಲಗುಂಡಿಯೊಳಗೆ ಎಂಥ ಬಿಸಿಲಲ್ಲೂ ತಂಪು. ಆದರೆ ವರ್ಷಗಟ್ಟಲೆ ಮುಚ್ಚಿಟ್ಟ ಗಾಳಿ ಮನುಷ್ಯನನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಹಾಗಾಗಿ ಹಿಂದಿನ ದಿನವೇ ಬಾಯಿ ತೆರೆದಿಟ್ಟಿದ್ದರು. ಬೆಳಿಗ್ಗೆ ಪಟಾಲಮ್ಮ ಹೊಂಗೆಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು, ಮೇಲಕ್ಕೂ ಕೆಳಕ್ಕೂ ಆಡಿಸಿ, ತೋಳು ಸೋಲುವವರೆಗೆ ಗಾಳಿ ಕಡೆದಳು. ಆಮೇಲೆ ದೀಪ ಇಳಿಬಿಟ್ಟರು. ಆರಲಿಲ್ಲ. ಮುನಿಯಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

ಒಳಗೆ ಇಳಿದವನನ್ನು ಮೇಲಿನವರು ಕರೆಯುತ್ತಲೇ ಇರಬೇಕು, ಅವನು ಓ ಅನ್ನುತ್ತಲೇ ಇರಬೇಕು. ಅದು ಮನೆಯಾಕೆಯ ಕೆಲಸ. ಪಟಾಲಮ್ಮ ತುಟಿ ಬಿಚ್ಚಲಿಲ್ಲ. ಪಕ್ಕದ ಮನೆಯ ಚಿಕ್ಕಹನುಮಯ್ಯನೇ ಕರೆದ. ನಾಲ್ಕು ಬುಟ್ಟಿ ರಾಗಿ ಮೇಲೆ ಬರುವವರೆಗೆ ಓ ಕೇಳಿಸಿತು, ಆಮೇಲೆ ನಿಂತುಹೋಯಿತು. ಚಿಕ್ಕಹನುಮಯ್ಯ ಮತ್ತೆ ಮತ್ತೆ ಕೂಗಿದ. ಹಗ್ಗ ಜಗ್ಗಿದ. ಒಬ್ಬನ ಕೈಲಿ ಆಗುವ ಭಾರವೇ ಅದು? ಜನ ಕರೆತರುತ್ತೇನೆಂದು ಬೀದಿಗೆ ಓಡಿದ.

ಪಟಾಲಮ್ಮ ಹಗ್ಗವನ್ನು ತಾನೇ ಹಿಡಿದು ಜಗ್ಗಿದಳು. ದೇವರೇ, ಸೊಪ್ಪನ್ನು ಇನ್ನೊಂದು ಗಳಿಗೆ ಆಡಿಸಬಾರದಿತ್ತೇ! ಹಾಳು ಹೊಲ ಹೋದರೆ ಹೋಗಲಿ, ಈ ಮನುಷ್ಯ ಬೇಕು ಅವಳಿಗೆ. ಹಗೇವಿನ ಬಾಯಿಗೆ ಬೋರಲಾಗಿ ಬಿದ್ದು, ಹುಟ್ಟಿದಾರಭ್ಯ ಬಾಯಲ್ಲಿ ತಾರದ ಹೆಸರನ್ನು ಕೂಗಿಬಿಟ್ಟಳು.

“ಮುನಿಯಪ್ಪಾ!”

“ಓ,” ಎಂದಿತು ಕೆಳಗಿನಿಂದ, ತೀರಾ ಹತ್ತಿರದಿಂದ, ತೀರಾ ನೆಮ್ಮದಿಯಾಗಿ.

ಅವನು ಗೋಡೆಯಲ್ಲಿ ಕೊರೆದ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ತಾನೇ ಮೇಲೆ ಬಂದ. ಮೀಸೆಯೆಲ್ಲ ರಾಗಿಧೂಳು. ಅವಳು ಎರಡು ಕೈಯಲ್ಲೂ ಅವನ ಬೆನ್ನಿಗೆ ಗುದ್ದಿದಳು, ಗುದ್ದುತ್ತಲೇ ಅತ್ತಳು. ಅವನಿಗೂ ಕಣ್ಣು ತುಂಬಿತು.

“ತಪ್ಪಾಯ್ತು ಕಣೇ,” ಎಂದ. “ಹೊಲದ್ದೂ ತಪ್ಪೇ, ಇದೂ ತಪ್ಪೇ. ನೀನು ಕರೀತೀಯೇನೋ ಅಂತ ಕಾಯ್ತಾ ಕೂತಿದ್ದೆ.”

ಹೊಲದ ವಿಚಾರಕ್ಕೆ ಅವನು ತಪ್ಪಾಯ್ತು ಅಂದದ್ದು ಅದೇ ಮೊದಲು. ಓಡಿಬಂದ ಜನರನ್ನೆಲ್ಲ ಪಟಾಲಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು. ಒಳಗೆ ಇನ್ನೂ ರಾಗಿ ಉಳಿದಿತ್ತು. ಅವಳು ಸೊಪ್ಪಿನ ಕಟ್ಟನ್ನು ಮತ್ತೆ ಇಳಿಬಿಟ್ಟು, ಅವನು ಸಾಕು ಅಂದರೂ ಬಿಡದೆ ಗಾಳಿ ಆಡಿಸಿದಳು. ಹಗ್ಗದ ಗಂಟನ್ನು ತಾನೇ ಬಿಗಿದಳು.

“ಈಗ ಇಳಿ. ನಾನೇ ಕರೀತೀನಿ,” ಎಂದಳು. “ಒಂದು ಸಲ ಓ ಅನ್ಲಿಲ್ಲ ಅಂದ್ರೂ ನಾನೂ ಇಳಿದುಬಿಡ್ತೀನಿ.”

ಅವನು ಇಳಿದ. ಕಾಲು ನೆಲ ಮುಟ್ಟುವ ಮೊದಲೇ ಅವಳು ಕರೆದಳು.