ಮುರಿದ ಬಾಲದ ಭೀಮರಾಜ

ಮೆಲ್ಕಾರಿನ ಜುಲೈಕಾ ಮದುಮಗಳಂದಿರ ಕೈಗೆ ಮದರಂಗಿ ಹಚ್ಚತೊಡಗಿ ಹದಿನೈದು ವರ್ಷವಾಯಿತು. ಈಗೀಗ ಯಾರೂ ಅವಳಿಗೆ ನಿಮಗೆ ತೋಚಿದ್ದು ಬಿಡಿಸಿ ಎನ್ನುವುದಿಲ್ಲ. ಮೂಗಿನೆದುರು ಮೊಬೈಲ್ ಹಿಡಿದು, ಇದೇ ಬೇಕು ಎನ್ನುತ್ತಾರೆ.

ನಾರಾವಿಯ ಮದುಮಗಳು ನವ್ಯಾ ತೋರಿಸಿದ ಫೋಟೋವನ್ನು ಅವಳು ಎರಡೆರಡು ಸಲ ನೋಡಿದಳು. ಮಣಿಕಟ್ಟಿನ ಮೇಲೆ ಕೂತ ಆ ಭೀಮರಾಜ ಹಕ್ಕಿ ಅವಳದೇ. ಹಿತ್ತಿಲ ಹಲಸಿನ ಮರದಲ್ಲಿ ದಿನಾ ನೋಡಿ ನೋಡಿ, ನಾಲ್ಕು ವರ್ಷದ ಹಿಂದೆ ತಂಗಿಯ ಮದುವೆಗೆ ಬಿಡಿಸಿದ್ದು. ಗಿಡುಗ, ಬೆಕ್ಕು ಎನ್ನದೆ ಎಲ್ಲರ ದನಿ ಕದ್ದು ಕೂಗುತ್ತಿದ್ದ ಕಳ್ಳ ಹಕ್ಕಿ. ಆದರೆ ಅದರ ಬಾಲದ ಎರಡು ಉದ್ದ ಗರಿಗಳಲ್ಲಿ ಒಂದು ಅರ್ಧಕ್ಕೇ ಮುರಿದಿತ್ತು; ಅವಳು ಬಿಡಿಸಿದ್ದೂ ಹಾಗೆಯೇ. ಆ ಮುರುಕಿನಿಂದಲೇ ಸಾವಿರ ಹಕ್ಕಿಗಳ ನಡುವೆಯೂ ಅವಳಿಗೆ ಅದರ ಗುರುತು ಸಿಗುತ್ತಿತ್ತು. ನಕಲು ಮಾಡಿದವರು ಯಾರೋ ಎರಡನ್ನೂ ಸಮ ಮಾಡಿ, ಫೋಟೋದ ಕೆಳಗೆ ತಮ್ಮ ಹೆಸರು ಹಾಕಿಕೊಂಡಿದ್ದರು.

ಜುಲೈಕಾ ಮದರಂಗಿಯ ಕೋನ್ ಎತ್ತಿಕೊಂಡಳು. ಕೈ ತನ್ನ ಪಾಡಿಗೆ ಒಂದು ಗರಿಯನ್ನು ಅರ್ಧಕ್ಕೆ ನಿಲ್ಲಿಸಿತು.

"ಅಕ್ಕಾ, ಇದು ತಪ್ಪಾಯ್ತಲ್ಲ! ಫೋಟೋದಲ್ಲಿ ಎರಡೂ ಸಮ ಉಂಟು," ಎಂದಳು ನವ್ಯಾ.

"ಇದು ನನ್ನ ಹಕ್ಕಿ ಮಾರಾಯ್ತಿ. ಅದರ ಬಾಲ ಇದ್ದದ್ದೇ ಹೀಗೆ."

"ಕೆಳಗೆ ಬೇರೆಯವರ ಹೆಸರು ಉಂಟಲ್ಲ ಅಕ್ಕಾ?"

ಜುಲೈಕಾ ಒದ್ದೆ ಬಟ್ಟೆಯಿಂದ ಹಕ್ಕಿಯನ್ನು ಒರೆಸಿ ಹಾಕಿದಳು. ಮತ್ತೆ ಬಿಡಿಸಿದಳು. ಕೈ ಮತ್ತೆ ಅಲ್ಲಿಗೇ ನಿಂತಿತು. ಎಷ್ಟು ನೂಕಿದರೂ ಮುಂದೆ ಹೋಗಲಿಲ್ಲ.

"ಫೋನ್ ಸ್ವಲ್ಪ ಹತ್ತಿರ ಹಿಡಿ," ಎಂದಳು ಕೊನೆಗೆ. "ನೋಡಿಕೊಂಡು ಬಿಡಿಸ್ತೇನೆ."